ಕುಳ್ಳಗಿರುವ ಮಗುವಿನ ಡೆಕ್ಸಾ ರಿಪೋರ್ಟನ್ನು ನಾನು ಓದುವ ಬಗೆ

ಬೆಳವಣಿಗೆ ಕುಂಠಿತವಾದ ಮಗುವಿನ ರಿಪೋರ್ಟಿನಲ್ಲಿ ‘ಮೂಳೆ ಸಾಂದ್ರತೆ ಕಡಿಮೆ’ ಎಂದು ಬಂದಿದ್ದರೆ ನಾನು ಮೊದಲು ಕೇಳುವುದು ಮಗುವಿನ ಎತ್ತರ ಎಷ್ಟು ಎಂದು. ಮೂಳೆ ಸಾಂದ್ರತೆಯನ್ನು ಎಕ್ಸ್‌ರೇಯಿಂದ ಅಳೆಯುವ ಡೆಕ್ಸಾ ಯಂತ್ರಕ್ಕೆ ಮೂಳೆಯ ಆಳ ಕಾಣುವುದಿಲ್ಲ. ಮೂಳೆಯ ನೆರಳು ಎಷ್ಟು ಅಗಲ, ಅದರಲ್ಲಿ ಖನಿಜ ಎಷ್ಟು, ಇಷ್ಟೇ ಅದರ ಲೆಕ್ಕ. ಒಂದೇ ವಸ್ತುವಿನ ಎರಡು ಘನಗಳನ್ನು ತೆಗೆದುಕೊಳ್ಳಿ: ಒಂದರ ಬದಿ 2 ಸೆಂ.ಮೀ., ಇನ್ನೊಂದರದು 3. ಘನ ಸೆಂ.ಮೀ.ಗೆ 1 ಗ್ರಾಂ ಎಂದಿಟ್ಟುಕೊಂಡರೆ ಚಿಕ್ಕದರ ತೂಕ 8 ಗ್ರಾಂ, ನೆರಳು 4 ಚದರ ಸೆಂ.ಮೀ., ಭಾಗಿಸಿದರೆ 2. ದೊಡ್ಡದು 27 ಗ್ರಾಂ, ನೆರಳು 9, ಭಾಗಿಸಿದರೆ 3. ಗಟ್ಟಿತನ ಒಂದೇ, ಆದರೂ ಚಿಕ್ಕದರ ಅಂಕ ಮೂರನೇ ಒಂದು ಪಾಲು ಕಡಿಮೆ. ಕುಳ್ಳಗಿರುವ ಮಗುವಿನ ವಿಷಯದಲ್ಲೂ ಆಗುವುದು ಇದೇ.

ಆದ್ದರಿಂದ ಸ್ಕ್ಯಾನ್ ದಿನವೇ ಎತ್ತರವನ್ನು ಮೂರು ಸಲ ಅಳೆದು ಸರಾಸರಿ ಹಿಡಿಯುತ್ತೇನೆ. ಪಾದರಕ್ಷೆ ಇರಬಾರದು, ಕಟ್ಟಿದ ಕೂದಲನ್ನು ಬಿಚ್ಚಬೇಕು. ಎರಡು ವರ್ಷದೊಳಗಿನವರನ್ನು ಮಲಗಿಸಿಯೇ ಅಳೆಯಬೇಕು. ಆಮೇಲೆ ರಿಪೋರ್ಟಿನಲ್ಲಿ ಝಡ್ ಸ್ಕೋರ್, ಅಂದರೆ ಅದೇ ವಯಸ್ಸಿನ, ಅದೇ ಲಿಂಗದ ಮಕ್ಕಳಿಗೆ ಹೋಲಿಸಿದ ಅಂಕ, ಇದೆಯೇ ಎಂದು ನೋಡುತ್ತೇನೆ. ಟಿ ಸ್ಕೋರ್ ಮಗುವನ್ನು ಯುವ ವಯಸ್ಕರ ಮೂಳೆಗೆ ಹೋಲಿಸುತ್ತದೆ. ಅದನ್ನು ಹಿಡಿದುಕೊಂಡರೆ ಎಲ್ಲ ಮಕ್ಕಳಿಗೂ ಕಾಯಿಲೆ ಇದೆ ಎಂದೇ ಆಗುತ್ತದೆ! ಝಡ್ ಸ್ಕೋರ್ ಮೈನಸ್ 2 ಅಥವಾ ಅದಕ್ಕಿಂತ ಕೆಳಗಿದ್ದರೆ ಅದನ್ನು ಎತ್ತರಕ್ಕೆ ಸರಿಹೊಂದಿಸಿ ಮತ್ತೆ ಲೆಕ್ಕ ಹಾಕಬೇಕು. ಎಷ್ಟೋ ಮಕ್ಕಳ ‘ಕಡಿಮೆ ಸಾಂದ್ರತೆ’ ಈ ಹಂತದಲ್ಲೇ ಮಾಯವಾಗುತ್ತದೆ.

ಸ್ಕ್ಯಾನ್ ಮಾಡುವ ಜಾಗ ಸೊಂಟದ ಬೆನ್ನುಮೂಳೆ, ಜೊತೆಗೆ ತಲೆ ಬಿಟ್ಟು ಇಡೀ ದೇಹ. ಚಿಕ್ಕ ಮಕ್ಕಳಲ್ಲಿ ದೇಹದ ಖನಿಜದ ದೊಡ್ಡ ಪಾಲು ತಲೆಬುರುಡೆಯಲ್ಲೇ ಇರುವುದರಿಂದ ಅದನ್ನು ಸೇರಿಸಿದರೆ ಉಳಿದ ಮೂಳೆಯ ಕೊರತೆ ಮುಚ್ಚಿಹೋಗುತ್ತದೆ. ಮೂರು ವರ್ಷದೊಳಗೆ ಬೆನ್ನುಮೂಳೆ ಒಂದೇ ಸಾಕು. ತೊಡೆಮೂಳೆಯ ಕತ್ತಿನ ಅಳತೆಯನ್ನು ಬೆಳೆಯುವ ಮಕ್ಕಳಲ್ಲಿ ನಂಬಲಾಗದು. ಸ್ಕ್ಯಾನಿಗೆ ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆ ಬೇಡ. ಕರಗದ ಮಾತ್ರೆ ಕರುಳಿನಲ್ಲಿದ್ದರೆ ಯಂತ್ರ ಅದನ್ನೂ ಮೂಳೆಯ ಲೆಕ್ಕಕ್ಕೆ ಸೇರಿಸಬಹುದು.

ಅಂಕ ನಿಜಕ್ಕೂ ಕಡಿಮೆ ಇದೆ ಎಂದಾದರೂ ಅದೊಂದರಿಂದಲೇ ಮಗುವಿಗೆ ‘ಆಸ್ಟಿಯೋಪೊರೋಸಿಸ್’ (ಸುಲಭವಾಗಿ ಮುರಿಯುವಷ್ಟು ಮೂಳೆ ದುರ್ಬಲವಾಗುವ ಕಾಯಿಲೆ) ಎಂಬ ಹೆಸರು ಅಂಟಿಸುವಂತಿಲ್ಲ. ಜೊತೆಗೆ ಮುರಿತದ ಇತಿಹಾಸ ಬೇಕು: 10 ವರ್ಷದೊಳಗೆ ಉದ್ದ ಮೂಳೆಗಳ ಎರಡು ಮುರಿತ, ಅಥವಾ 19ರೊಳಗೆ ಮೂರು. ಬೆನ್ನುಮೂಳೆಯ ಮಣಿಯೊಂದು ದೊಡ್ಡ ಪೆಟ್ಟಿಲ್ಲದೆ, ಅದೇ ಜಾಗದ ಬೇರೆ ರೋಗವೂ ಇಲ್ಲದೆ ಕುಸಿದಿದ್ದರೆ ಮಾತ್ರ ಅದೊಂದೇ ಸಾಕು, ಆಗ ಡೆಕ್ಸಾ ಅಂಕ ಎಷ್ಟೇ ಇರಲಿ. ಹೆಚ್ಚು ತಪ್ಪಿಹೋಗುವುದೂ ಈ ಕುಸಿತವೇ. ದೀರ್ಘಕಾಲ ಸ್ಟೆರಾಯ್ಡ್ ತೆಗೆದುಕೊಳ್ಳುವ ಮಕ್ಕಳಲ್ಲಿ ಬೆನ್ನುನೋವೇ ಇಲ್ಲದೆ ಮಣಿ ಕುಸಿದಿರಬಹುದು. ಅಂಥವರಿಗೆ ನೋವಿಗಾಗಿ ಕಾಯದೆ ಬೆನ್ನಿನ ಪಕ್ಕದ ಎಕ್ಸ್‌ರೇ ತೆಗೆಸುತ್ತೇನೆ. ಮಣಿಯ ಎತ್ತರ ಶೇ. 20ಕ್ಕಿಂತ ಹೆಚ್ಚು ತಗ್ಗಿದ್ದರೆ ಅದು ಮುರಿತ.

ಇನ್ನು ರಕ್ತಪರೀಕ್ಷೆ. ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್, 25-ಹೈಡ್ರಾಕ್ಸಿ ವಿಟಮಿನ್ ಡಿ, ಕ್ರಿಯಾಟಿನಿನ್, ಬೈಕಾರ್ಬೊನೇಟ್, ಥೈರಾಯ್ಡ್, ಗೋಧಿಯ ಗ್ಲುಟೆನ್ ಒಗ್ಗದ ಕರುಳಿನ ಕಾಯಿಲೆಯಾದ ಸೀಲಿಯಾಕ್‌ಗಾಗಿ ಟಿಟಿಜಿ ಐಜಿಎ. ಮಗು ಬೆಳೆಯದಿರಲು ಕಾರಣವಾದದ್ದೇ ಎಷ್ಟೋ ಸಲ ಮೂಳೆ ಸೊರಗಲೂ ಕಾರಣ: ಸೀಲಿಯಾಕ್, ಮೂತ್ರಪಿಂಡದ ತೊಂದರೆ, ಕರುಳಿನ ಉರಿಯೂತ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಬಗ್ಗೆ ವಿಶೇಷ ಎಚ್ಚರ ಬೇಕು. ಮಕ್ಕಳಲ್ಲಿ ಅದು ಸಹಜವಾಗಿಯೇ ವಯಸ್ಕರಿಗಿಂತ ಹೆಚ್ಚು. ಲ್ಯಾಬ್ ವಯಸ್ಕರ ಮಿತಿಯನ್ನೇ ಮುದ್ರಿಸಿದ್ದರೆ ಮಗುವಿನ ಪಾಲಿಗೆ ತೀರಾ ಕಡಿಮೆಯಾದ ಅಂಕವೂ ‘ನಾರ್ಮಲ್’ ಆಗಿ ಕಾಣುತ್ತದೆ, ಈ ಕಿಣ್ವವೇ ಕಡಿಮೆಯಿರುವ ಹುಟ್ಟು ಕಾಯಿಲೆಯಾದ ಹೈಪೊಫಾಸ್ಫಟೇಸಿಯಾ ಕಣ್ಣು ತಪ್ಪಿಸಿಕೊಳ್ಳುತ್ತದೆ. ಆ ಕಾಯಿಲೆಯಲ್ಲಿ ಮೂಳೆ ಸವೆಯುವುದನ್ನು ತಡೆಯುವ ಔಷಧವಾದ ಬಿಸ್ಫಾಸ್ಫೊನೇಟ್ ಕೊಡಲೇಬಾರದು.

ವಿಟಮಿನ್ ಡಿ ಮಿ.ಲೀ.ಗೆ 20 ನ್ಯಾನೊಗ್ರಾಂ ಮೇಲಿರಬೇಕು, 12ರ ಕೆಳಗೆ ಸ್ಪಷ್ಟ ಕೊರತೆ. ರಿಕೆಟ್ಸ್ (ಖನಿಜ ತುಂಬದೆ ಮೂಳೆ ಮೆತ್ತಗಾಗುವ ಕಾಯಿಲೆ) ಇದ್ದರೆ ಒಂದು ವರ್ಷದೊಳಗಿನವರಿಗೆ ದಿನಕ್ಕೆ 2000 ಯೂನಿಟ್, 1ರಿಂದ 12 ವರ್ಷದವರಿಗೆ 3000ದಿಂದ 6000, ಕನಿಷ್ಠ 90 ದಿನ. ಜೊತೆಗೆ ಊಟದಿಂದಲೋ ಔಷಧದಿಂದಲೋ ದಿನಕ್ಕೆ 500 ಮಿ.ಗ್ರಾಂ ಕ್ಯಾಲ್ಸಿಯಂ ಸಿಗಲೇಬೇಕು. ಬರೀ ವಿಟಮಿನ್ ಕೊಟ್ಟು ಕ್ಯಾಲ್ಸಿಯಂ ಮರೆತರೆ ಮೂಳೆ ತುಂಬುವುದು ಯಾವುದರಿಂದ? ರಿಕೆಟ್ಸ್ ವಾಸಿಯಾಗುವ ಮೊದಲೇ ಬಿಸ್ಫಾಸ್ಫೊನೇಟ್ ಹಾಕಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಮಗುವಿಗೆ ಫಿಟ್ಸ್ ಬರಬಹುದು. ಕೊರತೆ ತುಂಬಿದ ಮೇಲೂ ಆ ಔಷಧ ಮುರಿತ ಆದವರಿಗೆ ಮಾತ್ರ, ಅಂಕಕ್ಕಾಗಿ ಅಲ್ಲ. ಆ ಔಷಧದ ಮೊದಲ ಡ್ರಿಪ್ಪಿನ ನಂತರ ಒಂದೆರಡು ದಿನ ಜ್ವರ, ಮೈಕೈ ನೋವು ಸಾಮಾನ್ಯ ಎಂದು ತಾಯ್ತಂದೆಗೆ ಮೊದಲೇ ತಿಳಿಸಿಡುತ್ತೇನೆ.

ಮರು ಸ್ಕ್ಯಾನ್ ಆರು ತಿಂಗಳಿಗಿಂತ ಮೊದಲು ಬೇಡ. ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಅದೇ ಯಂತ್ರದಲ್ಲಿ. ಒಂದು ಕಂಪನಿಯ ಯಂತ್ರದ ಅಂಕ ಇನ್ನೊಂದರದಕ್ಕೆ ತಾಳೆಯಾಗುವುದಿಲ್ಲ. ಎತ್ತರ ಸರಸರನೆ ಏರುವ ದಿನಗಳಲ್ಲಿ ಖನಿಜ ತುಂಬುವುದು ಸ್ವಲ್ಪ ಹಿಂದೆ ಬೀಳುತ್ತದೆ, ಹಾಗಾಗಿ ಝಡ್ ಸ್ಕೋರ್ ತುಸು ಇಳಿದರೆ ಗಾಬರಿ ಬೇಡ. ಒಟ್ಟು ಖನಿಜ ಎಷ್ಟು ಗ್ರಾಂ ಏರಿದೆ, ಹೊಸ ಮುರಿತ ಆಗಿದೆಯೇ ಎಂಬುದನ್ನು ಆಗ ನೋಡಬೇಕು.