ಮೆಗ್ನೀಸಿಯಂ ಆಕ್ಸೈಡಿನ ಸೂತ್ರ ನಾಲ್ಕಕ್ಕೆ ಮೂರು ಎಂದು ಬಂದಾಗ

ಎಂಪಿರಿಕಲ್ ಸೂತ್ರವನ್ನು, ಅಂದರೆ ಸಂಯುಕ್ತವೊಂದರಲ್ಲಿರುವ ಪರಮಾಣುಗಳ ಅತ್ಯಂತ ಸರಳ ಅನುಪಾತವನ್ನು, ಪಿಯುಸಿ ವಿದ್ಯಾರ್ಥಿಗಳಿಗೆ ಹಲವು ವರ್ಷ ಕಪ್ಪುಹಲಗೆಯ ಮೇಲಷ್ಟೇ ಕಲಿಸಿದ ನಾನು, ಒಮ್ಮೆ ತೂಕ ಮಾಡಿಯೇ ತೋರಿಸೋಣವೆಂದು ಮೆಗ್ನೀಸಿಯಂ ಪಟ್ಟಿಯನ್ನು ಆರಿಸಿಕೊಂಡೆ. ಪಟ್ಟಿ ಉರಿದು ಆಕ್ಸೈಡ್ ಆಗುತ್ತದೆ, ಹೆಚ್ಚಿದ ತೂಕವೇ ಆಕ್ಸಿಜನ್ನಿನದು. ಲೋಹದ ತೂಕವನ್ನು ಅದರ ಪರಮಾಣು ತೂಕವಾದ 24.3ರಿಂದ, ಆಕ್ಸಿಜನ್ನಿನ ತೂಕವನ್ನು ಅದರ ಪರಮಾಣು ತೂಕವಾದ 16ರಿಂದ ಭಾಗಿಸಿದರೆ ಮೋಲ್‌ಗಳ ಅನುಪಾತ, ಅಂದರೆ ಪರಮಾಣುಗಳ ಎಣಿಕೆಯ ಅನುಪಾತ, ಸಿಗುತ್ತದೆ.

ಮೊದಲ ದಿನ 0.12 ಗ್ರಾಂ ಪಟ್ಟಿಯಿಂದ 0.18 ಗ್ರಾಂ ಬಿಳಿ ಪುಡಿ ಬಂತು. ಅನುಪಾತ 1ಕ್ಕೆ 0.76. “ಸರ್, ನಾಲ್ಕಕ್ಕೆ ಮೂರು ಅಂತ ಬರೀಲಾ?” ಎಂದು ಒಬ್ಬಳು ಕೇಳಿದಳು. ಬರಬೇಕಿದ್ದದ್ದು ಒಂದಕ್ಕೆ ಒಂದು (MgO). ಅವಳ ಲೆಕ್ಕ ಸರಿಯಾಗಿಯೇ ಇತ್ತು, ಎಡವಿದ್ದು ನಾನು.

ನಮ್ಮ ತಕ್ಕಡಿ ತೋರಿಸುವುದು 0.01 ಗ್ರಾಂವರೆಗೆ ಮಾತ್ರ. ಆಕ್ಸಿಜನ್ನಿನ ತೂಕ ಎರಡು ಅಳತೆಗಳ ವ್ಯತ್ಯಾಸವಾದ್ದರಿಂದ ಒಟ್ಟು 0.02 ಗ್ರಾಂ ತಪ್ಪಾಗಬಹುದು, ಬರಬೇಕಿದ್ದ 0.08 ಗ್ರಾಂನಲ್ಲಿ ಅದು ಕಾಲು ಭಾಗ. ಜೊತೆಗೆ, ಉರಿ ಹತ್ತಿದೆಯೇ ಎಂದು ನೋಡಲು ಕ್ರೂಸಿಬಲ್ಲಿನ (ಪಟ್ಟಿಯನ್ನು ಇಟ್ಟು ಕಾಯಿಸುವ ಬಟ್ಟಲಿನ) ಮುಚ್ಚಳವನ್ನು ಪೂರ್ತಿ ಎತ್ತಿದಾಗ ಒಂದಿಷ್ಟು ಆಕ್ಸೈಡ್ ಬಿಳಿ ಹೊಗೆಯಾಗಿ ಹಾರಿಹೋಗಿತ್ತು.

ಎರಡನೆಯ ಸಲ 0.36 ಗ್ರಾಂ ಪಟ್ಟಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಸಡಿಲವಾಗಿ ಸುರುಳಿ ಸುತ್ತಿದೆವು. ಖಾಲಿ ಕ್ರೂಸಿಬಲ್ಲನ್ನು ಮೊದಲೇ ಕಾಯಿಸಿ, ಆರಿಸಿ, ಮುಚ್ಚಳದೊಂದಿಗೆ ತೂಗಿಟ್ಟುಕೊಂಡಿದ್ದೆವು. ಆಮೇಲೆ ಅದನ್ನು ಇಕ್ಕಳದಿಂದಲ್ಲದೆ ಕೈಯಿಂದ ಮುಟ್ಟಲು ಯಾರನ್ನೂ ಬಿಡಲಿಲ್ಲ. ಮುಚ್ಚಳವನ್ನು ಕೂದಲೆಳೆಯಷ್ಟು ಸರಿಸಿ ಗಾಳಿ ಬಿಟ್ಟು, ಹೊಗೆ ಕಂಡೊಡನೆ ಮುಚ್ಚುತ್ತಿದ್ದೆವು.

ಗಾಳಿಯಲ್ಲಿ ಉರಿಯುವಾಗ ಮೆಗ್ನೀಸಿಯಂ ನೈಟ್ರೋಜನ್ನಿನೊಂದಿಗೂ ಸೇರಿ ಸ್ವಲ್ಪ ನೈಟ್ರೈಡ್ ಆಗುತ್ತದೆ, ಮತ್ತು ಅಷ್ಟೇ ಲೋಹಕ್ಕೆ ನೈಟ್ರೈಡಿನಲ್ಲಿ ಸೇರುವ ತೂಕ ಆಕ್ಸೈಡಿಗಿಂತ ಕಡಿಮೆ: 72.9 ಗ್ರಾಂ ಲೋಹಕ್ಕೆ 48 ಗ್ರಾಂ ಆಕ್ಸಿಜನ್ ಬೇಕಾದರೆ ನೈಟ್ರೋಜನ್ 28 ಗ್ರಾಂ ಸಾಕು. ಮೊದಲ ಸಲ ನಾನು ಇದನ್ನು ಗಮನಕ್ಕೇ ತಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ತಣಿದ ಪುಡಿಗೆ ನಾಲ್ಕೈದು ಹನಿ ಡಿಸ್ಟಿಲ್ಡ್ ನೀರು ಬಿಟ್ಟಾಗ ಅಮೋನಿಯಾದ ಘಾಟು ತೆಳ್ಳಗೆ ಮೂಗಿಗೆ ಬಡಿಯಿತು, ಮೇಲೆ ಹಿಡಿದ ಒದ್ದೆ ಕೆಂಪು ಲಿಟ್ಮಸ್ ಅಂಚಿನಿಂದ ನೀಲಿಗೆ ತಿರುಗಿತು. ನೈಟ್ರೈಡ್ ನೀರಿನೊಂದಿಗೆ ಸೇರಿ ಅಮೋನಿಯಾ ಬಿಟ್ಟಾಗ ಉಳಿಯುವ ಹೈಡ್ರಾಕ್ಸೈಡ್ ಮತ್ತೆ ಚೆನ್ನಾಗಿ ಕಾಯಿಸಿದಾಗ ನೀರು ಕಳೆದುಕೊಂಡು ಆಕ್ಸೈಡೇ ಆಗುತ್ತದೆ. ನೀರು ಸಿಡಿದು ಪುಡಿ ಹೊರಬೀಳದಂತೆ ಮೊದಲು ಸಣ್ಣ ಉರಿಯಲ್ಲಿ, ಆಮೇಲೆ ಜೋರಾಗಿ ಕಾಯಿಸಿದೆವು. ಕಾಯಿಸುವುದು, ಆರಿಸುವುದು, ತೂಗುವುದು ಇವನ್ನು ಎರಡು ಸತತ ತೂಕಗಳು ಒಂದೇ ಆಗುವವರೆಗೆ ಮಾಡಬೇಕು. ಬಿಸಿ ಇದ್ದಾಗಲೇ ತೂಗಿದರೆ ಮೇಲೇರುವ ಗಾಳಿ ತೂಕವನ್ನು ಕಡಿಮೆ ತೋರಿಸುತ್ತದೆ.

ಕೊನೆಗೆ ಸಿಕ್ಕಿದ್ದು 0.59 ಗ್ರಾಂ. ಆಕ್ಸಿಜನ್ 0.23 ಗ್ರಾಂ, ಅನುಪಾತ 1ಕ್ಕೆ 0.97. ರೆಕಾರ್ಡಿನಲ್ಲಿ ನೇರವಾಗಿ 1 ಎಂದು ಬರೆಯಲು ನಾನು ಒಪ್ಪಲಿಲ್ಲ, 0.97 ಎಂದೇ ಬರೆಸಿ, ಆಕ್ಸಿಜನ್ 0.24 ಆಗಿದ್ದರೆ ಎಷ್ಟು, ನಾಲ್ಕಕ್ಕೆ ಮೂರು ಬರಲು ಎಷ್ಟಿರಬೇಕು ಎಂಬ ಎರಡು ಲೆಕ್ಕ ಕೊಟ್ಟೆ. ಮೊದಲನೆಯದಕ್ಕೆ 1.01 ಬಂತು. ಎರಡನೆಯದಕ್ಕೆ 0.18 ಗ್ರಾಂ ಬಂತು, ಅಂದರೆ 0.05 ಗ್ರಾಂ ಕಡಿಮೆ. ನಮ್ಮ ತಕ್ಕಡಿ ಅಷ್ಟು ತಪ್ಪುವುದಿಲ್ಲ ಎಂದು ಆ ಹುಡುಗಿಯೇ ಹೇಳಿದಳು.