ಬೇಸ್ ಗಿಟಾರ್ ಬಜ್ ಆಗ್ತಿದ್ಯಾ? ಮೊದಲು ನೆಕ್ ನೋಡಿ

ನೆಕ್ (ಗಿಟಾರಿನ ಉದ್ದನೆಯ ಕತ್ತು) ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ, ಅಂದರೆ ಫ್ರೆಟ್‌ಗಳಿಗೆ, ತಂತಿ ತಾಗಿ ಗಿರಗುಟ್ಟುವುದೇ ಬಜ್. ಅದು ಬಂದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಬ್ರಿಜ್‌ಗೆ, ಅಂದರೆ ಬಾಡಿಯ ಮೇಲೆ ತಂತಿಗಳು ಕೂರುವ ಭಾಗಕ್ಕೆ. ಅಲ್ಲಿನ ಸ್ಕ್ರೂ ಕಣ್ಣಿಗೆ ಬೀಳುತ್ತದೆ, ಅಷ್ಟೇ ಕಾರಣ. ನಾನು ಅದನ್ನು ನೆಕ್ ಆದಮೇಲೆ ಮುಟ್ಟುತ್ತೇನೆ. ನಮ್ಮ ಬೆಂಗಳೂರಿನಲ್ಲೂ ಮಾರ್ಚಿನ ಒಣಹವೆಗೂ ಮಳೆಗಾಲದ ತೇವಕ್ಕೂ ನಡುವೆ ನೆಕ್ ಸುಮ್ನೆ ಕೂರುವುದಿಲ್ಲ.

ಹೊಸ ತಂತಿ ಹಾಕುವುದಿದ್ದರೆ ಈಗಲೇ ಹಾಕಿ, ಟ್ಯೂನ್ ಮಾಡಿ. ನೆಕ್ ಬಾಗುವುದೇ ತಂತಿಯ ಎಳೆತಕ್ಕೆ. ಸಡಿಲ ತಂತಿಯಲ್ಲಿ ಅಳೆದು ಪ್ರಯೋಜನವಿಲ್ಲ.

ಅಳೆಯಲು ದುಬಾರಿ ಸಾಮಾನು ಬೇಡ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಬ್ಲೇಡ್‌ಗಳ ಗೊಂಚಲು) ಸಾಕು. ಜೆ.ಸಿ. ರಸ್ತೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ ಕೇಳಿ. 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಕಡೆ ಅತಿ ದಪ್ಪದ ಇ ತಂತಿಯನ್ನು ಒತ್ತಿ ಹಿಡಿಯಿರಿ. 8ನೇ ಫ್ರೆಟ್ ಮತ್ತು ತಂತಿಯ ನಡುವೆ 0.30–0.35 ಮಿ.ಮೀ. ಬ್ಲೇಡ್ ತಂತಿಯನ್ನು ಎತ್ತದೆ ಜಾರಬೇಕು. ಸಂದು ಜಾಸ್ತಿಯಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಮಾಡುವ ಲೋಹದ ಸರಳು) ಅಲೆನ್ ಕೀಯಿಂದ ಬಲಕ್ಕೆ ತಿರುಗಿಸಿ, ಕಡಿಮೆಯಿದ್ದರೆ ಎಡಕ್ಕೆ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಟ್ಯೂನ್ ಮಾಡಿ ಅಳೆಯಿರಿ. ಅಲೆನ್ ಕೀ ಬಿಗಿಯಾಗಿ ಕೂರಬೇಕು. ಇಂಚಿನ ರಾಡ್‌ಗೆ ಮಿಲಿಮೀಟರ್ ಕೀ ತುರುಕಿದರೆ ಒಳಗಿನ ಮೂಲೆಗಳು ಸವೆದು ಹೋಗುತ್ತವೆ, ಆಮೇಲೆ ರಿಪೇರಿ ಖರ್ಚು ಕೇಳಬೇಡಿ. ರಾಡ್ ತಿರುಗಲು ಒಪ್ಪದಿದ್ದರೆ ಬಲ ಹಾಕದೆ ರಿಪೇರಿಯವರ ಹತ್ತಿರ ಒಯ್ಯಿರಿ.

ಈಗ ಬ್ರಿಜ್. 17ನೇ ಫ್ರೆಟ್‌ನ ಮೇಲೆ ಇ ತಂತಿ ಸುಮಾರು 2.4, ಅತಿ ತೆಳುವಾದ ಜಿ ತಂತಿ 2 ಮಿ.ಮೀ. ಎತ್ತರ ಇರಲಿ. ಆರ್ಕೆಸ್ಟ್ರಾದಲ್ಲಿ ನನ್ನ ಕೈ ಬಿರುಸು, ಹಾಗಾಗಿ ನಾನು ಸ್ವಲ್ಪ ಮೇಲೇ ಇಡುತ್ತೇನೆ. ಓಪನ್ (ಬೆರಳಿಂದ ಒತ್ತದ) ತಂತಿ ಮಾತ್ರ ಬಜ್ ಆದರೆ ನಟ್‌ನ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ತೋಡು ಆಳವಾಗಿದೆ, ಬ್ರಿಜ್‌ನಿಂದ ಅದು ಸರಿಹೋಗದು. ಆಂಪ್‌ನಲ್ಲಿ ಕೇಳಿಸದ ಬಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕೊನೆಗೆ ಇಂಟೊನೇಷನ್, ಅಂದರೆ ಒತ್ತಿದ ಸ್ವರವೂ ಶ್ರುತಿಯಲ್ಲಿದೆಯಾ ಎಂಬುದು. 12ನೇ ಫ್ರೆಟ್‌ನ ಮೇಲೆ ತಂತಿಯನ್ನು ಒತ್ತದೆ ಬೆರಳು ಸುಮ್ನೆ ತಾಗಿಸಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ತಂತಿ ಸಡಿಲಿಸಿ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಅಂದರೆ ನೆಕ್‌ನಿಂದ ದೂರ, ಸರಿಸಿ, ಇಳಿದಿದ್ದರೆ ಮುಂದಕ್ಕೆ. ಇ ತಂತಿ 41 ಹರ್ಟ್ಸ್, ಅಗ್ಗದ ಕ್ಲಿಪ್ ಟ್ಯೂನರ್ ಅಲ್ಲಿ ತಿಣುಕುತ್ತದೆ. ಕೇಬಲ್ ಹಾಕುವ ಟ್ಯೂನರ್ ಬಳಸಿ. ಮುಳ್ಳು ಆಗಲೂ ಅಲುಗಾಡುತ್ತಿದ್ದರೆ ಪಿಕಪ್ (ತಂತಿಯ ಕೆಳಗೆ ಕೂತು ಅದರ ಕಂಪನ ಹಿಡಿಯುವ ಭಾಗ) ತಂತಿಗೆ ತೀರಾ ಹತ್ತಿರ ಇದೆಯಾ ನೋಡಿ. ಅದರ ಆಯಸ್ಕಾಂತ ತಂತಿಯನ್ನು ಎಳೆಯುತ್ತಿರಬಹುದು, ಸ್ಕ್ರೂ ತಿರುಗಿಸಿ ಸ್ವಲ್ಪ ಕೆಳಗಿಳಿಸಿ.