ವಿಡಿಯೊ ನಿಲ್ಲಿಸಿ, ಪೆನ್ನು ಹಿಡಿಯಿರಿ: ಆನ್‌ಲೈನ್‌ನಲ್ಲಿ ಬೀಜಗಣಿತ ಕಲಿಯುವ ಬಗೆ

ಬೀಜಗಣಿತದ ವಿಡಿಯೊ ನೋಡುವಾಗ ಎಲ್ಲವೂ ನೀರು ಕುಡಿದಷ್ಟು ಸುಲಭ. ಅದೇ ಲೆಕ್ಕವನ್ನು ಮರುದಿನ ಒಬ್ಬರೇ ಕುಳಿತು ಬಿಡಿಸಹೊರಟರೆ ಎರಡನೆಯ ಸಾಲಿಗೇ ಕೈ ನಿಂತುಬಿಡುತ್ತದೆ. ಗಾಬರಿ ಬೇಡ. ನಿನ್ನೆ ಬಿಡಿಸಿದವರು ಮೇಷ್ಟ್ರು, ನೀವು ನೋಡಿದ್ದಿರಿ, ಅಷ್ಟೇ.

ಮೊದಲು ಒಂದು ಕೋರ್ಸ್ ಗೊತ್ತುಮಾಡಿಕೊಳ್ಳಿ. ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆದುಕೊಳ್ಳುವ, ಸರ್ಕಾರದ ಕಲಿಕಾ ತಾಣವಾದ ದೀಕ್ಷಾದ ಪಾಠಗಳಿವೆ. ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೇ ಉಚಿತವಾಗಿ ಕಲಿಯಬಹುದು. ಎಂದೋ ಶಾಲೆ ಬಿಟ್ಟು ಈಗ ಹತ್ತನೆಯ ತರಗತಿಯ ಪ್ರಮಾಣಪತ್ರ ಬೇಕೆನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಅದರ ಗಣಿತ ವಿಷಯದ ಸಂಕೇತ 211. ಯಾವುದನ್ನಾದರೂ ಆರಿಸಿ, ಆದರೆ ಎರಡನ್ನು ಒಟ್ಟಿಗೆ ಹಿಡಿಯಬೇಡಿ. ಪಾಠಗಳ ಕ್ರಮ ಬೇರೆ ಬೇರೆ ಇರುವುದರಿಂದ ತಲೆ ಗೊಂದಲಕ್ಕೆ ಬೀಳುತ್ತದೆ.

−7 + 3 ಎಷ್ಟು ಎಂದರೆ ತಟ್ಟನೆ −4 ಎನ್ನಲು ಬರಬೇಕು. ತಡವರಿಸಿದರೆ ಒಂದು ವಾರ ಋಣ ಸಂಖ್ಯೆ ಮತ್ತು ಭಿನ್ನರಾಶಿಗೇ ಕೊಡಿ. ಬೀಜಗಣಿತ ಬರುವುದಿಲ್ಲ ಎನ್ನುವ ಬಹಳಷ್ಟು ಮಂದಿಗೆ ನಿಜವಾಗಿ ಕೈಕೊಡುವುದು ಈ ಮೈನಸ್ ಚಿಹ್ನೆ.

ಇನ್ನು ಕಲಿಯುವ ರೀತಿ. ಗೊತ್ತಿಲ್ಲದ ಸಂಖ್ಯೆಯನ್ನು 12ನೆಯ ಶತಮಾನದ ಭಾಸ್ಕರಾಚಾರ್ಯರು ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂದು ಕರೆದು, ಚುಟುಕಾಗಿ ‘ಯಾ’ ಎಂದು ಬರೆಯುತ್ತಿದ್ದರು. ವಿಡಿಯೊದ ‘ಎಕ್ಸ್’ ಬದಲು ನಾನೂ ಇಲ್ಲಿ ‘ಯಾ’ ಬಳಸುತ್ತೇನೆ. ಪರದೆಯ ಮೇಲೆ ಈ ಸಮೀಕರಣ ಬಂತೆನ್ನಿ:

3(ಯಾ − 4) = 2ಯಾ + 5

ತಕ್ಷಣ ವಿಡಿಯೊ ನಿಲ್ಲಿಸಿ. ತಪ್ಪಾದರೂ ಸರಿ, ಕೊನೆಯವರೆಗೂ ನೀವೇ ಬಿಡಿಸಿ. ಆವರಣ ಬಿಡಿಸುವಾಗ 3ಯಾ − 4 ಎಂದು ಬರೆದಿರಾ? ಉತ್ತರ 9 ಬರುತ್ತದೆ. ಅದನ್ನು ಮೂಲ ಸಮೀಕರಣಕ್ಕೇ ಹಾಕಿ ತಾಳೆ ನೋಡಿ: ಎಡಬದಿ 15, ಬಲಬದಿ 23. ಕೂಡಲಿಲ್ಲ. 3 ಆವರಣದೊಳಗಿನ ಎರಡೂ ಪದಗಳನ್ನು ಗುಣಿಸಬೇಕಿತ್ತು, 3ಯಾ − 12. ಈಗ ಯಾ = 17, ಎರಡೂ ಬದಿ 39. ಹೀಗೆ ನಿಮ್ಮ ತಪ್ಪನ್ನು ನೀವೇ ಹಿಡಿದ ಮೇಲೆ ವಿಡಿಯೊ ಮುಂದುವರಿಸಿ. ಆಗ ಮೇಷ್ಟ್ರು ಹೇಳುವ ಪ್ರತಿ ಮಾತೂ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಒಬ್ಬರೇ ಕಲಿಯುವವರಿಗೆ ತಾಳೆ ನೋಡುವುದೇ ಪಕ್ಕದಲ್ಲಿ ಕುಳಿತ ಗುರು.

‘ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ಪಕ್ಷಾಂತರದ ಸೂತ್ರವನ್ನು ಬಾಯಿಪಾಠ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಅದನ್ನೇ ನಂಬಿದ ಮಕ್ಕಳು 3ಯಾ = 12 ಕಂಡರೆ ಯಾ = 12 − 3 ಎಂದು ಬರೆಯುತ್ತಾರೆ. ತಕ್ಕಡಿಯನ್ನು ನೆನೆಸಿಕೊಳ್ಳಿ: ಒಂದು ತಟ್ಟೆಗೆ ಮಾಡಿದ್ದನ್ನೇ ಇನ್ನೊಂದಕ್ಕೂ ಮಾಡಬೇಕು. ಇಲ್ಲಿ ಎರಡೂ ಬದಿಯನ್ನು 3ರಿಂದ ಭಾಗಿಸಿದರೆ ಯಾ = 4.

ಮಾತಿನ ಲೆಕ್ಕಗಳಲ್ಲಿ ‘ಯಾ’ ಎಂದರೆ ಏನೆಂದು ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆಯಿರಿ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18. ಮೀಟರ್ 126 ತೋರಿಸಿದರೆ ಎಷ್ಟು ದೂರ ಹೋದಿರಿ? 36 + 18ಯಾ = 126, ಯಾ = 5. ಉತ್ತರ 5 ಎಂದು ಬರೆದು ಎದ್ದುಬಿಡುವವರೇ ಹೆಚ್ಚು. ‘ಯಾ ಎಂದರೆ ಮೊದಲ 2 ಕಿಲೋಮೀಟರ್ ದಾಟಿದ ಮೇಲಿನ ದೂರ’ ಎಂದು ಬರೆದುಕೊಂಡಿದ್ದವರು 7 ಕಿಲೋಮೀಟರ್ ಎನ್ನುತ್ತಾರೆ.

ಇಂಗ್ಲಿಷ್ ವಿಡಿಯೊ ನೋಡುವವರು ನೋಟ್ ಪುಸ್ತಕದ ಕೊನೆಯ ಪುಟದಲ್ಲಿ ಪದಗಳ ಪಟ್ಟಿ ಇಟ್ಟುಕೊಳ್ಳಿ: ವೇರಿಯಬಲ್ ಎಂದರೆ ಚರಾಕ್ಷರ, ಕೋಎಫಿಶಿಯೆಂಟ್ ಎಂದರೆ ಸಹಗುಣಕ, ಲೈಕ್ ಟರ್ಮ್ಸ್ ಎಂದರೆ ಸಜಾತಿ ಪದಗಳು.

ದಿನಕ್ಕೆ 40 ನಿಮಿಷ ಸಾಕು. ಅದರಲ್ಲಿ ವಿಡಿಯೊಗೆ 10, ಉಳಿದದ್ದೆಲ್ಲ ಲೆಕ್ಕಕ್ಕೆ. ತಪ್ಪಿದ ಲೆಕ್ಕವನ್ನು ಅಳಿಸಬೇಡಿ, ಪಕ್ಕದಲ್ಲಿ ಗುರುತು ಹಾಕಿ. ಭಾನುವಾರ ಹೊಸ ಪಾಠ ತೆರೆಯದೆ, ಗುರುತು ಹಾಕಿದವನ್ನಷ್ಟೇ ಹಳೆಯ ಉತ್ತರ ನೋಡದೆ ಮತ್ತೆ ಬಿಡಿಸಿ.